ಜಪಸರದ ಪಕ್ಕದ ನಿಂಬೆಹಣ್ಣು

ನಮ್ಮ ಮನೆಯಲ್ಲಿ ಆರೋಗ್ಯ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ಮನವರ, ಪಟದ ಕೆಳಗೆ ಒಂದು ಪುಟ್ಟ ಹಿತ್ತಾಳೆ ತಟ್ಟೆ ಇದೆ. ಅದರಲ್ಲಿ ಇರುವುದು ಎರಡೇ ವಸ್ತು: ಅವ್ವನ ಜಪಸರ (ಪ್ರಾರ್ಥನೆ ಎಣಿಸುವ ಮಣಿಸರ), ಒಂದು ನಿಂಬೆಹಣ್ಣು. ಮೊದಲ ಸಲ ಮನೆಗೆ ಬಂದವರ ಕಣ್ಣು ಆ ಹಣ್ಣಿನ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಹಿಂದೂ ಗೆಳತಿಯರಿಗೆ ಗುರುತಿನ ವಸ್ತು ಕಂಡ ಖುಷಿ. ನಮ್ಮ ನೆಂಟರಲ್ಲೇ ಕೆಲವರಿಗೆ ಮುಜುಗರ. "ಏನಮ್ಮಾ, ದೃಷ್ಟಿಗಾ?" ಎಂದು ಮೆಲ್ಲಗೆ ಕೇಳುತ್ತಾರೆ. ಅಲ್ಲ ಅನ್ನುತ್ತೇನೆ. ಮತ್ತೆ ಯಾಕೆ ಎಂಬುದನ್ನು ಬಾಗಿಲಲ್ಲಿ ನಿಂತು ಹೇಳಿ ಮುಗಿಸಲಾಗದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪದ್ಧತಿ ಅವ್ವನದು. ಅವಳ ತವರು ಕನಕಪುರದ ಕಡೆಯ ಹಾರೋಬೆಲೆ. ಕನ್ನಡ ಮಾತಾಡುವ ಕಥೋಲಿಕರ ಹಳೆಯ ಊರು, ಯೇಸುಸ್ವಾಮಿಯ ಪಾಡಿನ ನಾಟಕಕ್ಕೆ ಹೆಸರಾದದ್ದು. ಮದುವೆಯಾಗಿ ಬೆಂಗಳೂರಿಗೆ ಬಂದು ಬನಶಂಕರಿ ಕಡೆ ಬಾಡಿಗೆ ಮನೆ ಹಿಡಿದಾಗ ಹಿತ್ತಲಲ್ಲಿ ಒಂದು ನಿಂಬೆಗಿಡ ಇತ್ತಂತೆ. ಊರಿನಲ್ಲಾದರೆ ಮಾತೆಯ ಪಟಕ್ಕೆ ಮನೆಯ ಕನಕಾಂಬರವೇ ಸಾಕಾಗುತ್ತಿತ್ತು, ಇಲ್ಲಿ ಮೊಳ ಹೂವಿಗೂ ದುಡ್ಡು ಎಣಿಸಬೇಕು. "ಹೂವಿಗೆ ಕಾಸು ಬೇಕು, ನಿಂಬೆಗೆ ಮುಳ್ಳು ಚುಚ್ಚಿಸಿಕೊಂಡ್ರೆ ಸಾಕು" ಎನ್ನುತ್ತಿದ್ದಳು ಅವ್ವ. ಹಾಗೆ ಶುರುವಾದದ್ದು. ಆ ಮನೆ ಬಿಟ್ಟೆವು, ಗಿಡ ಹೋಯಿತು, ಹಿತ್ತಲು ಇದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ ನಿಂತಿದೆ. ನಿಂಬೆ ಮಾತ್ರ ಉಳಿಯಿತು.

ಕ್ರಮ ಇಷ್ಟೇ. ಬೆಳಗ್ಗೆ ಕಾಫಿಗೂ ಮುಂಚೆ ಒಂದು ಹಣ್ಣು ತೊಳೆದು, ಒರೆಸಿ ತಟ್ಟೆಯಲ್ಲಿಡಬೇಕು. ಇಡುವಾಗ ಒಬ್ಬರ ಹೆಸರು ಹೇಳಬೇಕು, ಒಬ್ಬರದು ಮಾತ್ರ. ಜ್ವರ ಬಂದ ಮಗು, ಕೆಲಸ ಕಳೆದುಕೊಂಡ ಮೈದುನ, ಮಾತು ಬಿಟ್ಟ ನಾದಿನಿ, ಯಾರಾದರೂ. ಆಮೇಲೆ ಐದು ರಹಸ್ಯಗಳ, ಅಂದರೆ ಯೇಸು ಮತ್ತು ಮರಿಯಾರ ಬದುಕಿನ ಐದು ಪ್ರಸಂಗಗಳನ್ನು ಧ್ಯಾನಿಸುವ, ಜಪಸರ. ಹಣ್ಣು ಕತ್ತಲಾಗುವುದರೊಳಗೆ ತಟ್ಟೆಯಿಂದ ಎದ್ದು ಯಾರದೋ ಹೊಟ್ಟೆಗೆ ಹೋಗಬೇಕು. ಹೆಸರು ಹೇಳಿದವರಿಗೇ ಪಾನಕ ಮಾಡಿ ಕೊಡುವುದಾದರೆ ಸರಿ. ಅವರು ದೂರದಲ್ಲಿದ್ದರೆ ಆ ದಿನ ಯಾರು ದಣಿದು ಕಣ್ಣಿಗೆ ಬೀಳುತ್ತಾರೋ ಅವರಿಗೆ. ಯಾರೂ ಸಿಗದಿದ್ದರೆ ರಾತ್ರಿಯ ಸಾರಿಗಾದರೂ ಹಿಂಡಬೇಕು, ಆದರೆ ಹಾಗೆ ಹಿಂಡಿದ ದಿನ ಅವ್ವನಿಗೆ ಸಮಾಧಾನವಿರುತ್ತಿರಲಿಲ್ಲ. "ತಾಯಿ ಮುಂದೆ ಇಟ್ಟಿದ್ದು ಒಣಗಬಾರದು ಕಣವ್ವ, ನಾವೇ ತಿಂದು ಮುಗಿಸಲೂಬಾರದು."

ಒಮ್ಮೆ ಮನೆ ಮಂತ್ರಿಸಲು, ಅಂದರೆ ಆಶೀರ್ವದಿಸಲು, ಬಂದ ನಮ್ಮ ಚರ್ಚಿನ ಸ್ವಾಮಿಗಳು ತಟ್ಟೆ ನೋಡಿ, "ಇದೇನಮ್ಮ ಇಲ್ಲಿ ನಿಂಬೆಹಣ್ಣು?" ಎಂದು ಹುಬ್ಬೇರಿಸಿ ಕೇಳಿದ್ದರು. ಅವ್ವ "ನಿಮಗೇ ಸ್ವಾಮಿ" ಎಂದವಳೇ ಅದನ್ನು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿದ ಪಾನಕ ಬಂತು. ಬಿಸಿಲಲ್ಲಿ ಮನೆಮನೆ ತಿರುಗಿದ್ದವರು ಪೂರ್ತಿ ಲೋಟ ಕುಡಿದು, ಇನ್ನೊಂದು ಮಾತೂ ಕೇಳದೆ, ಮನೆಗೆ ತೀರ್ಥ ಚಿಮುಕಿಸುವಾಗ ಆ ಖಾಲಿ ತಟ್ಟೆಯ ಮೇಲೂ ಚಿಮುಕಿಸಿ ಹೋದರು.

ಅವರ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ, ಕೇಳಲೇಬೇಕಾದ್ದು. ಕಥೋಲಿಕ ಧರ್ಮಸಭೆಯ ಉಪದೇಶ ಗ್ರಂಥದ 2111ನೇ ಪರಿಚ್ಛೇದ ಮೂಢನಂಬಿಕೆಯ ಬಗ್ಗೆ ಮಾತಾಡುತ್ತದೆ. ಒಳಗಿನ ಮನಸ್ಸನ್ನು ಬಿಟ್ಟು ಬರೀ ಹೊರಗಿನ ಆಚರಣೆಯಿಂದಲೇ ಫಲ ಬರುತ್ತದೆ ಎಂದುಕೊಳ್ಳುವುದು ಮೂಢನಂಬಿಕೆ ಎಂಬುದು ಅದರ ಸಾರ. ಅಲ್ಲಿ ಎಚ್ಚರಿಕೆ ಕೊಟ್ಟಿರುವುದು ಪ್ರಾರ್ಥನೆಗಳ ಬಗ್ಗೆಯೇ. ಅಂದರೆ ನಿಂಬೆಹಣ್ಣಿಗೆ ಎಷ್ಟು ಅಪಾಯವಿದೆಯೋ ಜಪಸರಕ್ಕೂ ಅಷ್ಟೇ ಇದೆ. ಕಾರಿನ ಕನ್ನಡಿಗೆ ನೇತುಹಾಕಿ ಒಂದು ದಿನವೂ ಮುಟ್ಟದ ಜಪಸರಗಳನ್ನು ಈ ಊರಿನ ರಸ್ತೆಗಳಲ್ಲಿ ಎಷ್ಟು ನೋಡಿಲ್ಲ. 1974ರಲ್ಲಿ ಪೋಪ್ ಆರನೇ ಪೌಲರು ಮರಿಯಾ ಭಕ್ತಿಯ ಕುರಿತ ತಮ್ಮ ಪತ್ರದಲ್ಲಿ ಬರೆದದ್ದೂ ಇದನ್ನೇ: ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹ.

ಜಪಸರದ ಲೆಕ್ಕ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಐದು ರಹಸ್ಯಗಳ ಸರದಲ್ಲಿ 59 ಮಣಿ. 53 ಮಣಿಗೆ ನಮೋ ಮರಿಯಾ, ಉಳಿದ ಆರಕ್ಕೆ ಪ್ರಭು ಕಲಿಸಿದ ಪ್ರಾರ್ಥನೆ. ಹಿಂದೆ ಮಠಗಳಲ್ಲಿ 150 ಕೀರ್ತನೆಗಳನ್ನು ಹಾಡುತ್ತಿದ್ದರು. ಓದು ಬಾರದ ಜನ ಅದರ ಬದಲಿಗೆ 150 ಸಲ ಒಂದೇ ಪ್ರಾರ್ಥನೆ ಹೇಳುತ್ತಿದ್ದರು, ಎಣಿಕೆ ತಪ್ಪದಿರಲು ಮಣಿ ಹಿಡಿದರು. 1569ರಲ್ಲಿ ಪೋಪ್ ಐದನೇ ಪಿಯೂಸರ ಕಾಲಕ್ಕೆ ಈ ಪ್ರಾರ್ಥನೆಗೆ ಒಂದು ಗಟ್ಟಿ ರೂಪ ಸಿಕ್ಕಿತು. ನಮ್ಮ ಅಜ್ಜಿಗೂ ಓದು ಬರುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಬೈಬಲ್ ಅಷ್ಟೂ ಈ ರಹಸ್ಯಗಳ ಮೂಲಕ ಬಂದದ್ದು. ದೇವದೂತ ಬಂದದ್ದು, ದನದ ಕೊಟ್ಟಿಗೆ, ಮುಳ್ಳಿನ ಕಿರೀಟ, ಖಾಲಿ ಸಮಾಧಿ, ಎಲ್ಲವೂ ಬೆರಳ ತುದಿಯಲ್ಲಿ.

ಹೀಗೆ ತಲೆಮಾರು ದಾಟಿ ಬರುವುದು ಜಪಸರದ ದೊಡ್ಡ ಗುಣ. ದಾರ ಹರಿದರೆ ಪೋಣಿಸಬಹುದು, ಸತ್ತವರ ಕೈಯಿಂದ ಬದುಕಿದವರ ಕೈಗೆ ಬರುತ್ತದೆ. ಆದರೆ ಅದಕ್ಕೊಂದು ಅಪಾಯವೂ ಇದೆ. ಅದು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತದೆ. ಕಣ್ಣು ಮುಚ್ಚಿ, ಬಾಗಿಲು ಹಾಕಿ, ನನ್ನದೇ ದುಃಖದ ಸುತ್ತ ವರ್ಷಗಟ್ಟಲೆ ಸುತ್ತಬಹುದು, ಯಾರೂ ಏನೂ ಅನ್ನುವುದಿಲ್ಲ. ನಿಂಬೆಹಣ್ಣು ಅದಕ್ಕೆ ಬಿಡುವುದಿಲ್ಲ. ಬೆಂಗಳೂರಿನ ಸೆಕೆಯಲ್ಲಿ ಮೂರೇ ದಿನಕ್ಕೆ ಅದರ ಸಿಪ್ಪೆ ಬಿಗಿಯುತ್ತದೆ, ವಾರಕ್ಕೆ ಕಂದುತ್ತದೆ. ಯಾರಿಗಾದರೂ ಕೊಡು, ಇವತ್ತೇ ಕೊಡು ಎಂದು ತಟ್ಟೆಯಲ್ಲಿ ಕೂತು ಒತ್ತಾಯಿಸುತ್ತದೆ. ಅವ್ವ ಇದನ್ನು ಹೀಗೆ ಬಿಡಿಸಿ ಹೇಳಿದವಳಲ್ಲ, ಮಾಡಿ ತೋರಿಸಿದಳು ಅಷ್ಟೆ. ಪ್ರಾರ್ಥನೆ ಮನೆಯ ಹೊಸಿಲು ದಾಟಿತೋ ಇಲ್ಲವೋ ಎಂದು ಆ ತಟ್ಟೆ ನೋಡಿದರೆ ಗೊತ್ತಾಗುತ್ತದೆ.

ತಮಿಳುನಾಡಿನ ವೇಳಾಂಗಣಿಯ ಕತೆಯನ್ನು ನಾನು ಇದರ ಜೊತೆಗಿಟ್ಟೇ ನೋಡುತ್ತೇನೆ. ಆರೋಗ್ಯ ಮಾತೆಯ ಭಕ್ತಿ ನಮ್ಮ ಕಡೆ ಹಬ್ಬಿದ್ದೇ ಆ ಕಡಲ ತೀರದಿಂದ. ಅಲ್ಲಿಯ ಪರಂಪರೆಯ ಎರಡು ಕತೆಗಳಲ್ಲಿ ಮಾತೆ ಬಂದು ಕೇಳುವುದು ಏನನ್ನು? ಚಿನ್ನವನ್ನಲ್ಲ, ಗುಡಿಯನ್ನೂ ಮೊದಲಿಗೆ ಅಲ್ಲ. ಹಾಲು ಹೊತ್ತು ಹೋಗುತ್ತಿದ್ದ ಹುಡುಗನ ಹತ್ತಿರ ತನ್ನ ಮಗುವಿಗೆ ಹಾಲು ಕೇಳುತ್ತಾಳೆ. ಇನ್ನೊಮ್ಮೆ, ಮರದ ನೆರಳಲ್ಲಿ ಕೂತು ಮಜ್ಜಿಗೆ ಮಾರುತ್ತಿದ್ದ ನಡೆಯಲಾಗದ ಹುಡುಗನ ಹತ್ತಿರ ಮಜ್ಜಿಗೆ ಕೇಳುತ್ತಾಳೆ. ಬಿಸಿಲ ನಾಡಿನಲ್ಲಿ ಒಬ್ಬ ತಾಯಿ ತನ್ನ ಕೂಸಿಗೆ ಒಂದು ಗುಟುಕು ತಂಪು ಕೇಳುವುದು, ಬಡ ಹುಡುಗ ಕೊಡುವುದು. ಆಮೇಲಿನ ಪವಾಡ, ದೇವಾಲಯ, 1962ರಲ್ಲಿ ಪೋಪರು ಕೊಟ್ಟ ಬಸಿಲಿಕಾ ಎಂಬ ಹಿರಿಯ ದೇವಾಲಯದ ಪದವಿ ಎಲ್ಲ ಆ ಗುಟುಕಿನಿಂದ ಹುಟ್ಟಿದ್ದು. ಬೈಬಲಿನ ಕಾನಾ ಊರಿನ ಮದುವೆಯಲ್ಲೂ ದ್ರಾಕ್ಷಾರಸ ಮುಗಿದದ್ದನ್ನು ಗಮನಿಸಿ ಮಗನಿಗೆ ಹೇಳಿದವಳು ಅವಳೇ. ಆ ಪ್ರಸಂಗವನ್ನು 2002ರಲ್ಲಿ ಎರಡನೇ ಜಾನ್ ಪೌಲರು ಸೇರಿಸಿದ ಬೆಳಕಿನ ರಹಸ್ಯಗಳಲ್ಲಿ ನಾವು ಗುರುವಾರ ಧ್ಯಾನಿಸುತ್ತೇವೆ. ಯಾರ ಲೋಟ ಖಾಲಿಯಾಗಿದೆ ಎಂದು ನೋಡುವ ತಾಯಿಯ ಮುಂದೆ ಪಾನಕದ ಹಣ್ಣಿಡುವುದು ನನಗೆ ಸಹಜವಾಗಿಯೇ ಕಾಣುತ್ತದೆ.

ಈಗ ಎದುರುಮನೆ ಅಕ್ಕನ ವಿಷಯ. ಅವರು ಬನಶಂಕರಿ ಅಮ್ಮನ ಒಕ್ಕಲು. ಮಂಗಳವಾರ, ಶುಕ್ರವಾರ ರಾಹುಕಾಲದಲ್ಲಿ ಕನಕಪುರ ರಸ್ತೆಯ ಗುಡಿಯಲ್ಲಿ ನಿಂಬೆ ದೀಪ ಹಚ್ಚುತ್ತಾರೆ. ಸಾಮಾನ್ಯವಾಗಿ ದೇವರ ಕೆಲಸಕ್ಕೆ ಜನ ರಾಹುಕಾಲ ಬಿಟ್ಟು ನಡೆಯುತ್ತಾರೆ, ಆದರೆ ಆ ಗುಡಿಯಲ್ಲಿ ಅದೇ ಹೊತ್ತಿಗೆ ಸಾಲು. ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಮುಖ ಹೊರಗಾಗುವಂತೆ ಬಟ್ಟಲಿನ ಹಾಗೆ ಮಗುಚಿ, ಎಣ್ಣೆ ಬತ್ತಿ ಹಾಕಿ ಹಚ್ಚುವ ದೀಪ. ಇತ್ತ ನಮ್ಮಲ್ಲಿ ಜಪಸರದ ದುಃಖದ ರಹಸ್ಯಗಳನ್ನು ಹೇಳುವುದೂ ಮಂಗಳವಾರ ಮತ್ತು ಶುಕ್ರವಾರವೇ. ಗೆತ್ಸೆಮನಿ ತೋಪಿನ ಸಂಕಟದಿಂದ ಶಿಲುಬೆಯ ಮರಣದವರೆಗೆ ಐದು. ಈ ಎರಡು ದಿನಗಳ ಹೊಂದಿಕೆಯನ್ನು ಯಾರೂ ಕೂತು ಗೊತ್ತುಮಾಡಿದ್ದಲ್ಲ. ಆದರೂ ನಮ್ಮ ರಸ್ತೆಯ ಎರಡು ಮನೆಗಳಲ್ಲಿ ಅದೇ ದಿನ ಅದೇ ಹಣ್ಣನ್ನು ಅದೇ ಬಗೆಯ ಕಷ್ಟಗಳಿಗಾಗಿ ತೊಳೆದು ಇಡುತ್ತೇವೆ.

ಅಕ್ಕ ಗುಡಿಗೆ ಹೊರಡುವ ಮುನ್ನ ಹಿಂಡಿದ ರಸವನ್ನು ಚೆಲ್ಲುತ್ತಿದ್ದರು. ಅವ್ವ ಅದನ್ನು ಕಂಡು ಒಂದು ಗಾಜಿನ ಬಾಟಲಿ ಕೊಟ್ಟಳು. ಅಂದಿನಿಂದ ಶುಕ್ರವಾರ ಬೆಳಗ್ಗೆ ಆ ರಸ ನಮ್ಮ ಮನೆಗೆ ಬರುತ್ತದೆ, ನಮ್ಮ ತಟ್ಟೆಯ ಹಣ್ಣಿನ ರಸದ ಜೊತೆ ಸೇರಿ ಪಾನಕವಾಗಿ ರಸ್ತೆ ಗುಡಿಸುವ ಪೌರಕಾರ್ಮಿಕ ಹೆಂಗಸರಿಗೆ ಹೋಗುತ್ತದೆ. ಇದರಲ್ಲಿ ಯಾರ ದೇವರು ಯಾರ ಹಣ್ಣು ಎಂದು ಅವರೂ ಕೇಳಿಲ್ಲ, ನಾವೂ ಹೇಳಿಲ್ಲ. ದೀಪಕ್ಕೂ ಜಪಸರಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತು, ಅಕ್ಕನಿಗೂ ಗೊತ್ತು. ನಾನು ಅವರ ಗುಡಿಯ ಪೂಜೆ ಮಾಡುವುದಿಲ್ಲ, ಅವರು ನಮ್ಮ ಚರ್ಚಿನ ಬಲಿಪೂಜೆಗೆ ಬಂದು ಪ್ರಸಾದ ತೆಗೆದುಕೊಳ್ಳುವುದಿಲ್ಲ. ಎರಡನ್ನೂ ಒಂದೇ ಎಂದು ಕಲಸಿಬಿಡುವ ಮಾತು ಇಬ್ಬರಿಗೂ ಇಷ್ಟವಿಲ್ಲ.

ಈ ಊರಿನಲ್ಲಿ ಇದು ಹೊಸದೂ ಅಲ್ಲ ಎಂದು ನನಗನ್ನಿಸುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಮನೆ ಬಿಟ್ಟು ಬಯಲಿಗೆ ಹೋದರು. ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಆ ಹೆದರಿಕೆಯ ಬೆನ್ನಿಗೇ ಎದ್ದವು, ಪ್ಲೇಗಮ್ಮನ ಗುಡಿಗಳೂ ಎದ್ದವು. ಅಷ್ಟು ಹೊತ್ತಿಗೆ ಶಿವಾಜಿನಗರದಲ್ಲಿ, 1875ರಲ್ಲಿ ಶುರುವಾಗಿ 1882ರಲ್ಲಿ ಮುಗಿದ ಎತ್ತರದ ಗೋಪುರದ ಮರಿಯಮ್ಮನವರ ದೇವಾಲಯ ನಿಂತಿತ್ತು. ಅದೇ ಸಾವಿಗೆ ಹೆದರಿ ಒಬ್ಬರು ಮಾರಮ್ಮನ ಮುಂದೆ ನಿಂಬೆ ಇಟ್ಟಿರಬೇಕು, ಇನ್ನೊಬ್ಬರು ಮಾತೆಯ ಮುಂದೆ ಮಣಿ ಎಣಿಸಿರಬೇಕು, ಅವರಿಬ್ಬರೂ ಒಂದೇ ಬಾವಿಯ ನೀರು ಸೇದಿದವರಾಗಿರಬೇಕು. ಇದು ನನ್ನ ಊಹೆ. ಆದರೆ ಸೆಪ್ಟೆಂಬರಿನಲ್ಲಿ ಅದೇ ದೇವಾಲಯದ, ಈಗಿನ ಬಸಿಲಿಕಾದ, ಅಂಗಳಕ್ಕೆ ಹೋದವರಿಗೆ ಈ ಊಹೆ ದೂರದ್ದು ಅನ್ನಿಸದು. ಆಗಸ್ಟ್ 29ಕ್ಕೆ ಧ್ವಜ ಏರಿದಾಗಿನಿಂದ ಸೆಪ್ಟೆಂಬರ್ 8ರ ರಥದವರೆಗೆ, ಸೀರೆಯುಟ್ಟ ಮಾತೆಯ ಮುಂದೆ ಕಾವಿ ತೊಟ್ಟ ಹರಕೆಯವರು, ಕುಂಕುಮವಿಟ್ಟ ಅಮ್ಮಂದಿರು, ಬುರ್ಖಾ ತೊಟ್ಟ ತಾಯಂದಿರು ಒಟ್ಟಿಗೇ ನಿಂತಿರುತ್ತಾರೆ.

ದುಃಖದ ಐದನೇ ರಹಸ್ಯದ ಹತ್ತು ಮಣಿಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಯೊವಾನ್ನರ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಶಿಲುಬೆಯ ಬುಡದಲ್ಲಿ ತಾಯಿ ನಿಂತಿದ್ದಾಳೆ. ಮಗ ದಾಹವಾಗಿದೆ ಎನ್ನುತ್ತಾನೆ. ಅಲ್ಲಿದ್ದವರು ಹುಳಿಯಾದ ದ್ರಾಕ್ಷಾರಸದಲ್ಲಿ ಸ್ಪಂಜು ಅದ್ದಿ ಬಾಯಿಗೆ ಹಿಡಿಯುತ್ತಾರೆ. ಆತನ ನಾಲಿಗೆಗೆ ತಾಗಿದ ಕೊನೆಯ ರುಚಿ ಹುಳಿ. ತಾನು ಹಾಲೂಡಿಸಿದ ಬಾಯಿಗೆ ಕೊನೆಗೆ ಬೇರೆ ಯಾರೋ ಹುಳಿ ಹಿಡಿಯುವುದನ್ನು ಅವಳು ನೋಡಬೇಕಾಯಿತು, ಏನನ್ನೂ ಕೊಡಲಾಗದ ದೂರದಲ್ಲಿ ನಿಂತು. ಈ ಭಾಗ ಬಂದಾಗ ತಟ್ಟೆಯ ಹಣ್ಣಿನ ಕಡೆ ನೋಡದೆ ಇರಲು ನನ್ನಿಂದಾಗುವುದಿಲ್ಲ.

ಅವ್ವನ ಕೊನೆಯ ತಿಂಗಳುಗಳಲ್ಲಿ ಇದೆಲ್ಲ ಮೈಗೇ ಬಂತು. ಕಿಮೋ ಕೊಡುತ್ತಿದ್ದರು. ಊಟದ ವಾಸನೆಗೇ ವಾಂತಿ. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಕೇಳಿದ್ದು ಒಂದು ನಿಂಬೆಹಣ್ಣು, ತಿನ್ನಲಿಕ್ಕಲ್ಲ. ಉಗುರಿನಿಂದ ಸಿಪ್ಪೆಯನ್ನು ಕೊಂಚ ಗೀರಿ ಮೂಗಿನ ಹತ್ತಿರ ಹಿಡಿಯುತ್ತಿದ್ದಳು, ಹೊಟ್ಟೆಯ ತೊಳಸು ಸ್ವಲ್ಪ ಇಳಿಯುತ್ತಿತ್ತು. ಔಷಧದ ಪರಿಣಾಮವಾಗಿ ಬೆರಳ ತುದಿಗಳು ಜೋಮು ಹಿಡಿದವು. ಜನ್ಮವೆಲ್ಲ ಎಣಿಸಿದ ಮಣಿಗಳು ಬೆರಳಿಗೆ ತಿಳಿಯದಾದವು. ಯಾವ ಮಣಿಯಲ್ಲಿದ್ದೇನೆ ಎಂದು ಗೊತ್ತಾಗದೆ ಜಪಸರವನ್ನು ಎದೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಅತ್ತಳು. ಅವಳು ಅಳುವುದನ್ನು ನಾನು ಕಂಡದ್ದು ಕಡಿಮೆ. ಆಗ ನಾನು ಸರ ಕೈಗೆ ತೆಗೆದುಕೊಂಡೆ, ಅವಳ ಅಂಗೈಗೆ ಹಣ್ಣು ಇಟ್ಟೆ. ಮಣಿ ತಿಳಿಯದ ಕೈಗೆ ಹಣ್ಣು ತಿಳಿಯುತ್ತಿತ್ತು, ಅದರ ತಂಪು, ಅದರ ಗಾತ್ರ. ಪ್ರತಿ ನಮೋ ಮರಿಯಾಕ್ಕೆ ಅದನ್ನು ಒಮ್ಮೆ ಅಮುಕುತ್ತಿದ್ದಳು.

ಜಪಸರವನ್ನು ಇಬ್ಬರು ಹೇಳುವಾಗ ಪ್ರತಿ ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳಬೇಕು, ಉಳಿದದ್ದು ಇನ್ನೊಬ್ಬರು. ಚಿಕ್ಕಂದಿನಿಂದ ಮುಂದಾಳು ಅವಳು, ಮರುದನಿ ನಾನು. ಅಲ್ಲಿ ಅದು ಅದಲುಬದಲಾಯಿತು. ದೂತನ ವಂದನೆಯ ಭಾಗ ನಾನು ಹೇಳುತ್ತಿದ್ದೆ, ಈಗ ಮತ್ತು ಮರಣದ ಗಳಿಗೆಯಲ್ಲಿ ನಮಗಾಗಿ ಬೇಡಿಕೊಳ್ಳಿ ಎಂಬ ಭಾಗ ಅವಳ ಪಾಲಿಗೆ ಬಂತು. ಆ ಮಾತನ್ನು ಅವಳ ಬಾಯಲ್ಲಿ ಕೇಳುವುದು ನನಗೆ ಕಷ್ಟವಾಗುತ್ತಿತ್ತು. ಅವಳಿಗೆ ಹೇಳುವುದು ಕಷ್ಟವಾಗುತ್ತಿರಲಿಲ್ಲ. ಪಕ್ಕದ ಹಾಸಿಗೆಯಲ್ಲಿದ್ದ ಕೋಲಾರದ ಕಡೆಯ ಮುಸ್ಲಿಂ ಅಜ್ಜಿ, "ಏನು ವಾಸನೆ ನೋಡ್ತೀರಮ್ಮ, ನನಗೂ ಒಂದು ಕೊಡಿ" ಎಂದರು. ಆಮೇಲೆ ಆಚೆ ಹಾಸಿಗೆಯ ಹುಡುಗಿ ಕೇಳಿದಳು. ದಿನಾ ಚೀಲದಲ್ಲಿ ಹಣ್ಣು ಒಯ್ಯತೊಡಗಿದೆ. ಅವ್ವ ಮಲಗಿದಲ್ಲಿಂದಲೇ, ಯಾವ ಹಣ್ಣು ಯಾವ ಹಾಸಿಗೆಗೆ, ಇವತ್ತಿನ ಹೆಸರು ಯಾರದು ಎಂದು ಹೇಳುತ್ತಿದ್ದಳು.

ಅವಳಿಗೆ ವಾಸಿಯಾಗಲಿಲ್ಲ. ಹಾಗಾಗಿ ನಿಂಬೆಯಿಂದ ಪವಾಡವಾಯಿತು ಎಂದು ಬರೆಯಲು ನನ್ನ ಹತ್ತಿರ ಏನೂ ಇಲ್ಲ, ಬರೆಯುವ ಆಸೆಯೂ ಇಲ್ಲ. ಅವಳು ಬೇಡಿಕೊಂಡದ್ದರಲ್ಲಿ ತನ್ನ ಹೆಸರನ್ನು ಒಮ್ಮೆಯೂ ತಟ್ಟೆಯ ಮುಂದೆ ಹೇಳಿದ್ದು ನಾನು ಕೇಳಿಲ್ಲ. ಅದನ್ನು ನಾನು ಹೇಳುತ್ತಿದ್ದೆ. ಆ ದಿನಗಳಲ್ಲಿ ನನ್ನ ಹಣ್ಣು ಅವಳಿಗೆ, ಅವಳ ಹಣ್ಣು ವಾರ್ಡಿಗೆ.

ಕೊಳ್ಳುವ ಮಾತಿಗೆ ಬಂದರೆ, ಬಸಿಲಿಕಾಕ್ಕೆ ಹೋದ ದಿನ ಪಕ್ಕದ ರಸೆಲ್ ಮಾರುಕಟ್ಟೆಯಲ್ಲೇ ವಾರಕ್ಕಾಗುವಷ್ಟು ತರುತ್ತೇನೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹಣ್ಣು ಸಿಕ್ಕರೆ ಅದೇ ಬೇಕು. ಆ ಕಡೆಯವರು ಲಿಂಬೆ ಎನ್ನುತ್ತಾರೆ, ಸಿಪ್ಪೆ ತೆಳು, ರಸ ಹೆಚ್ಚು, ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿದೆ. 2022ರ ಬೇಸಿಗೆಯಲ್ಲಿ ಒಂದು ಹಣ್ಣು ಹತ್ತು ರೂಪಾಯಿ ಮುಟ್ಟಿತ್ತು. ದಿನಾ ಒಂದನ್ನು ಇಡುವುದು ದುಬಾರಿಯಲ್ಲವೇ ಎಂದು ಮನೆಯವರು ಕೇಳಿದರು. ಬೆಲೆ ಏರಿದಾಗಲೇ ಪಾನಕದ ಆಸೆ ಇರುವವರೂ ಹೆಚ್ಚು, ಕೊಳ್ಳಲಾಗದವರೂ ಹೆಚ್ಚು. ಆ ಬೇಸಿಗೆ ನಾವು ಚಿತ್ರಾನ್ನಕ್ಕೆ ಹುಣಸೆಹಣ್ಣು ಹಾಕಿದೆವು, ತಟ್ಟೆಯ ಹಣ್ಣು ನಿಲ್ಲಿಸಲಿಲ್ಲ. ಉಪ್ಪಿನಕಾಯಿಗೆಂದು ತಟ್ಟೆಯ ಹಣ್ಣು ಕೂಡಿಡುವುದಕ್ಕೆ ನಾನು ಒಪ್ಪುವುದಿಲ್ಲ. ಉಪ್ಪಿನಕಾಯಿ ವರ್ಷ ಬರುತ್ತದೆ, ಮಾತೆಯ ಮುಂದಿನದು ಅಂದಂದಿಗೆ ಮುಗಿಯಬೇಕು.

ಮಗಳು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ, ಪಿಜಿಯಲ್ಲಿರುತ್ತಾಳೆ. ಹೊರಡುವಾಗ ಮಂತ್ರಿಸಿದ ಒಂದು ಮರದ ಜಪಸರ ಕೊಟ್ಟಿದ್ದೆ. ನಿಂಬೆಯ ಮಾತು ನಾನಾಗಿ ಎತ್ತಿರಲಿಲ್ಲ. ಒಂದು ರಾತ್ರಿ ಫೋನಿನಲ್ಲಿ, "ಅಮ್ಮ, ಕಿಟಕಿ ಮೇಲೆ ಹಣ್ಣು ಇಡ್ತಿದೀನಿ, ಆದ್ರೆ ಇಲ್ಲಿ ಯಾರಿಗೆ ಕೊಡ್ಲಿ? ಯಾರೂ ಗೊತ್ತಿಲ್ಲ. ಎರಡು ಒಣಗಿ ಹೋದ್ವು" ಎಂದಳು. ಊರು ತುಂಬ ಜನ, ಒಂದು ನಿಂಬೆಹಣ್ಣು ಕೊಡಲು ಒಬ್ಬರಿಲ್ಲ ಎಂಬುದು ಅವಳ ವಯಸ್ಸಿನವರ ದೊಡ್ಡ ಕಷ್ಟ ಎಂದು ನನಗೆ ಆಗ ತಿಳಿಯಿತು. ಅಡುಗೆಗೆ ಬರುವ ಹೆಂಗಸನ್ನು ಕೇಳಿ ನೋಡು ಎಂದೆ. ಅವರಿಗೆ ಕನ್ನಡ ಬಾರದು, ಇವಳಿಗೆ ಮರಾಠಿ ಅಷ್ಟಕ್ಕಷ್ಟೆ. ಹಣ್ಣು ಕೈಗಿಟ್ಟಾಗ ಅವರು ಅದನ್ನು ಎರಡು ಹೋಳು ಮಾಡಿ, ಸಕ್ಕರೆ ನೀರು ಬೆರೆಸಿ, ಒಂದು ಲೋಟ ತಾವು ಇಟ್ಟುಕೊಂಡು ಇನ್ನೊಂದನ್ನು ಇವಳ ಕಡೆ ನೂಕಿದರಂತೆ. ಮಾರನೆಯ ದಿನ ಕೆಳಗಿನ ಕಾವಲುಗಾರನಿಗೂ ಬೇಕು ಎಂದು ಸನ್ನೆ ಮಾಡಿದರಂತೆ. ಈಗ ಮಗಳು ವಾರಕ್ಕೆ ಅರ್ಧ ಕಿಲೋ ತರುತ್ತಾಳೆ, ಅಲ್ಲಿಯ ಹಣ್ಣಿನ ಸಿಪ್ಪೆ ದಪ್ಪ ಎಂದು ದೂರುತ್ತಾಳೆ.